ದ್ವೀಪಕ್ಕೆ ಹೋಗುವವರು ಪಾಲಿಸತಕ್ಕದ್ದು

ದ್ವೀಪವನ್ನು ಕಣ್ಣಾರೆ ಕಂಡವರು ದ್ವೀಪದ ಬಗ್ಗೆ ಸಲಹೆ ಕೊಡಲು ಅನರ್ಹರು ಎಂಬುದು ದ್ವೀಪ ಪ್ರವಾಸ ಸಲಹಾ ಇಲಾಖೆಯ ಮೊದಲ ನಿಯಮ. ಕಂಡವರು ಕಂಡದ್ದನ್ನೇ ಹೇಳುತ್ತಾರೆ. ಇಲಾಖೆಗೆ ಬೇಕಾದದ್ದು ದೂರದೃಷ್ಟಿ. ಈ ಕಾರಣಕ್ಕೇ ಕಚೇರಿಯನ್ನು ದೋಣಿಕಟ್ಟೆಯ ಮೇಲೆಯೇ ಕಟ್ಟಿದ್ದರೂ ಸಮುದ್ರದ ಕಡೆಗೆ ಕಿಟಕಿ ಇಟ್ಟಿರಲಿಲ್ಲ.

ಅಲ್ಲಿ ಸಲಹೆ ಬರೆಯುವ ಹೆಂಗಸನ್ನು ಕಚೇರಿಯಲ್ಲಿ ಎಲ್ಲರೂ ಸಲಹೆ ಮೇಡಂ ಎನ್ನುತ್ತಿದ್ದರು. ಮನೆಯಲ್ಲಿ ಅವಳ ಸಲಹೆಯನ್ನು ಯಾರೂ ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ತನ್ನ ಕೆಲಸದ ಬಗ್ಗೆ ಅವಳಿಗೆ ಹೆಮ್ಮೆಯೇ ಇತ್ತು. ತೆಂಗಿನಕಾಯಿ ತಲೆಯ ಮೇಲೆ ಬಿದ್ದೀತೆಂದು ಪ್ರವಾಸಿಗರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದವಳು ಅವಳೇ. ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತದೆಂದು ದೂರು ಬಂದಾಗ ಮೇಲೊಂದು ಕೊಡೆ ಸೇರಿಸಿದಳು. ಗಾಳಿಗೆ ಕೊಡೆ ಹಾರದಂತೆ ಎರಡೂ ಕೈಯಲ್ಲಿ ಹಿಡಿಯಬೇಕಾಗಿ, ನೀರು ಕುಡಿಯಲು ಕೈಯೇ ಉಳಿಯದೆ, ಕೊರಳಿಗೆ ಫ್ಲಾಸ್ಕು ಬಂತು. ಫ್ಲಾಸ್ಕಿನ ಭಾರಕ್ಕೆ ಕಾಲು ಮರಳಲ್ಲಿ ಹೂತುಹೋದೀತೆಂದು ನಿಲ್ಲಲು ಮಣೆ ಬಂತು. ಮಣೆ ಒಯ್ಯಲು ಚಕ್ರದ ಬ್ಯಾಗು, ಮರಳಿನಲ್ಲಿ ಚಕ್ರ ಉರುಳಲು ಹಾಸುವ ಚಾಪೆ.

ಇವೆಲ್ಲ ದೋಣಿಕಟ್ಟೆಯ ಒಂದೇ ಅಂಗಡಿಯಲ್ಲಿ ಸಿಗುತ್ತಿದ್ದವು. ಅಂಗಡಿ ಇಲಾಖೆಯ ನಿರ್ದೇಶಕರ ಭಾವಮೈದುನನದು. ಕೆಲವು ಸಲ ಸಲಹೆ ಹೊರಡುವ ಮೊದಲೇ ಸಾಮಾನು ಬಂದಿಳಿದಿರುತ್ತಿತ್ತು. ಇದು ಕೇವಲ ಆಕಸ್ಮಿಕವೆಂದು ನಿರ್ದೇಶಕರು ಖುದ್ದು ವಿಚಾರಣೆ ನಡೆಸಿ ಕಂಡುಹಿಡಿದು, ಭಾವಮೈದುನನನ್ನು ಅಭಿನಂದಿಸಿದ್ದರು.

ತಾನು ದ್ವೀಪ ನೋಡುವಂತಿಲ್ಲ ಎಂಬ ಕೊರಗು ಮೇಡಂಗೆ ಇರಲಿಲ್ಲ. ಕೊರಗು ಅತ್ತೆಯದು. ಮಂಡಿ ಪೂರ್ತಿ ಕೈಕೊಡುವ ಮೊದಲು ದ್ವೀಪದ ಬಿಳಿ ಮರಳನ್ನು ಬರಿಗಾಲಲ್ಲಿ ತುಳಿಯಬೇಕು ಎಂಬುದೊಂದೇ ಅವರ ಆಸೆ. "ಮುಂದಿನ ರಜೆಗೆ ಖಂಡಿತ, ಅತ್ತೆ" ಎಂದು ಸೊಸೆ ವರ್ಷವರ್ಷವೂ ಮೂಗಿಗೆ ತುಪ್ಪ ಸವರುತ್ತ ಬಂದಿದ್ದಳು. ಈ ಸಲ ಅತ್ತೆ ಊಟದ ತಟ್ಟೆ ಸರಿಸಿ, "ಊರವರನ್ನೆಲ್ಲ ಕಳಿಸ್ತೀಯ. ನಾನೇನು ಕಂಡೋರ ಮನೆಯೋಳಾ?" ಎಂದುಬಿಟ್ಟರು.

ಮರುದಿನವೇ ಟಿಕೆಟ್ ಬಂತು. ದೋಣಿಕಟ್ಟೆಯಲ್ಲಿ ತನಗೆ ಕೊಟ್ಟ ಹೆಲ್ಮೆಟ್ಟನ್ನು ಅತ್ತೆ ತಿರುಗಿಸಿ ಮುರುಗಿಸಿ ನೋಡಿದರು.

"ನಡೆಯೋದು ಕಾಲು. ಇದು ಯಾವ ಕಾಲಿಗೆ?"

"ತಲೆಗೆ, ಅತ್ತೆ. ತೆಂಗಿನಕಾಯಿ ಬಿದ್ರೆ?"

"ಮರದ ಕೆಳಗೆ ನಿಲ್ಲದಿದ್ರೆ ಆಯ್ತಲ್ಲೇ."

"ಆ ಸಲಹೆ ಇನ್ನೂ ಮಂಜೂರಾಗಿಲ್ಲ."

"ಮರಳು ತುಳೀಬೇಕು ಅಂದ್ರೆ ಮಣೆ ಕೊಡ್ತೀಯ."

"ಮಣೆ ಮೇಲೆ ಬರಿಗಾಲಲ್ಲಿ ನಿಲ್ಲಬಹುದು. ಅದಕ್ಕೆ ಅಡ್ಡಿಯಿಲ್ಲ."

"ಅಷ್ಟಕ್ಕೆ ನಮ್ಮ ಅಡುಗೆಮನೆ ಸಾಕಿತ್ತು."

ಅಷ್ಟರಲ್ಲಿ ದೋಣಿಯವನು ಎಲ್ಲರ ಸಾಮಾನು ಹೇರಿ ಮುಗಿಸಿದ್ದ. ದೋಣಿಯ ಅಂಚಿಗೂ ನೀರಿಗೂ ನಡುವೆ ಒಂದು ಗೇಣು ಉಳಿದಿತ್ತು, ಅಷ್ಟೆ. "ಇನ್ನೊಂದು ಬೆಕ್ಕು ಹತ್ತಿದ್ರೂ ಮುಳುಗತ್ತೆ" ಎಂದ ಅವನು.

ಮೇಡಂ ಅತ್ತೆಯ ಮುಖ ನೋಡಿದಳು. ನೋಡಿ, ಜೀವಮಾನದಲ್ಲಿ ಮೊದಲ ಬಾರಿಗೆ ತನ್ನ ಸಲಹೆಗೇ ಎದುರು ಮಾತಾಡಿದಳು. "ಸಾಮಾನು ಇಳಿಸಪ್ಪ. ಜನ ಹತ್ತಲಿ."

ನಿರ್ದೇಶಕರು ಕಚೇರಿಯ ಬಾಗಿಲಲ್ಲೇ ನಿಂತಿದ್ದರು. "ಮೇಡಂ, ಸಾಮಾನಿಲ್ಲದ ಪ್ರವಾಸಿ ದ್ವೀಪದಲ್ಲಿ ಇಳಿಯುವಂತಿಲ್ಲ. ನೀವೇ ಬರೆದದ್ದು."

"ಪ್ರವಾಸಿ ಇಲ್ಲದ ಸಾಮಾನು ಇಳೀಬಹುದಾ?" ದೋಣಿಯವನು ಕೇಳಿದ. ಅವನಿಗೆ ಬೇಗ ಹೊರಡಬೇಕಿತ್ತು.

ನಿರ್ದೇಶಕರು ಗಂಭೀರರಾದರು. "ಅದಕ್ಕೆ ನಿಷೇಧ ಇದೆಯೇ?"

ಮೇಡಂ ಎಷ್ಟು ಹುಡುಕಿದರೂ ನೆನಪಿನಲ್ಲಿ ಅಂಥದೊಂದು ಸಿಗಲಿಲ್ಲ. "ಇಲ್ಲ, ಸರ್" ಎಂದಳು ಸಣ್ಣ ದನಿಯಲ್ಲಿ.

ಕೂಡಲೇ ಧ್ವನಿವರ್ಧಕ ಕೆಮ್ಮಿತು. "ಸಾರ್ವಜನಿಕರ ಗಮನಕ್ಕೆ. ಸಲಹೆಗಳನ್ನು ಚಾಚೂ ತಪ್ಪದೆ ಪಾಲಿಸಿರುವ ಲಗೇಜು ಈಗ ದ್ವೀಪಕ್ಕೆ ತೆರಳಲಿದೆ. ಲಗೇಜಿನ ಜೊತೆಗೆ ಬಂದವರು ದಡದಲ್ಲೇ ಕುಳಿತು ಪ್ರವಾಸದ ಆನಂದವನ್ನು ಅನುಭವಿಸತಕ್ಕದ್ದು. ಕುರ್ಚಿಗಳು ಬಾಡಿಗೆಗೆ ದೊರೆಯುತ್ತವೆ." ಕುರ್ಚಿಗಳು ಭಾವಮೈದುನನ ಅಂಗಡಿಯ ಮುಂದೆ ಬೆಳಗಿನಿಂದಲೇ ಸಾಲಾಗಿ ನಿಂತಿದ್ದವು.

ಯಾರೂ ಗಲಾಟೆ ಮಾಡಲಿಲ್ಲ. ಹೊಸದಾಗಿ ಮದುವೆಯಾದ ಜೋಡಿಯೊಂದು ತಮ್ಮ ಬ್ಯಾಗಿಗೆ ಕೈಬೀಸಿತು. "ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು, ನಂಗೆ ದೋಣಿ ಆಗಿಬರಲ್ಲ" ಎಂದು ನಿವೃತ್ತ ಮೇಷ್ಟರೊಬ್ಬರು ಕುರ್ಚಿ ಬಿಡಿಸಿಕೊಂಡರು. ಅತ್ತೆ ಮಾತ್ರ ಮಾತಾಡಲಿಲ್ಲ. ಆ ಮೌನದ ಪರಿಚಯ ಸೊಸೆಗಿತ್ತು. ಅದು ಮನೆಗೆ ಹೋದಮೇಲೆ ಬಾಯಿಬಿಡುವ ಮೌನ.

ಸಂಜೆ ಲಗೇಜು ಸುಖವಾಗಿ ಹಿಂತಿರುಗಿತು. ಬಿಸಿಲಿಗೆ ಕೆಲವು ಬ್ಯಾಗುಗಳ ಬಣ್ಣ ತಿರುಗಿತ್ತು. ಒಂದೊಂದಕ್ಕೂ ಯಶಸ್ವಿ ಪ್ರವಾಸಿ ಎಂಬ ಚೀಟಿ ಅಂಟಿಸಿದರು.

ಮನೆಗೆ ಬಂದು ಅತ್ತೆ ಬ್ಯಾಗನ್ನು ವರಾಂಡದಲ್ಲಿ ತಲೆಕೆಳಗು ಮಾಡಿ ಚಕ್ರಗಳನ್ನು ತಟ್ಟಿದರು. ಒಂದು ಹಿಡಿ ಬಿಳಿ ಮರಳು ಉದುರಿತು. ಚಪ್ಪಲಿ ಬಿಟ್ಟು, ಗೋಡೆ ಹಿಡಿದು, ಅದರ ಮೇಲೆ ಎಡಗಾಲಿಟ್ಟರು. ಎರಡೂ ಕಾಲಿಗೆ ಸಾಲುವಷ್ಟಿರಲಿಲ್ಲ. ಎಡಗಾಲು ತೆಗೆದು ಬಲಗಾಲಿಟ್ಟರು. ಸೊಸೆ ಬೈಗುಳಕ್ಕೆ ಕಾದು ನಿಂತಿದ್ದಳು.

"ಮೆತ್ತಗಿದೆ ಕಣೆ" ಎಂದರು ಅತ್ತೆ.

ಪಕ್ಕದ ಮನೆಯಾಕೆ ಸುದ್ದಿ ತಿಳಿದು ಓಡಿಬಂದಳು. "ಹೋಗಿ ಬಂತಂತೆ? ಹೇಗಿತ್ತಂತೆ?"

"ಸುಸ್ತಾಗಿದೆ. ಆಮೇಲೆ ಬಾ" ಎಂದು ಅತ್ತೆ ಬ್ಯಾಗಿನ ಮೇಲೆ ಒಂದು ಬಟ್ಟೆ ಹೊದಿಸಿದರು. ಪಕ್ಕದ ಮನೆಯಾಕೆ ತುದಿಗಾಲಲ್ಲಿ ವಾಪಸಾದಳು.

"ಮುಂದಿನ ರಜೆಗೆ ಟ್ರಂಕ್ ಕಳಿಸೋಣ" ಎಂದರು ಅತ್ತೆ, ಕುರ್ಚಿಯಲ್ಲಿ ಕಾಲು ಚಾಚಿ. "ನನ್ನ ಮದುವೆ ಆದಾಗಿಂದ ಮಂಚದ ಕೆಳಗೇ ಬಿದ್ದಿದೆ, ಪಾಪ. ಎಲ್ಲಿಗೂ ಹೋಗಿಲ್ಲ."

"ಆಯ್ತು, ಅತ್ತೆ" ಎಂದಳು ಸೊಸೆ. ಒಳಗೆ ಹೋಗಿ ಹೊಲಿಗೆಯ ಟೇಪು ತಂದು, ಮಂಚದ ಕೆಳಗೆ ಬಗ್ಗಿ, ಹೆಲ್ಮೆಟ್ಟಿಗೆಂದು ಟ್ರಂಕಿನ ಅಳತೆ ತೆಗೆದುಕೊಂಡಳು.