ವರ್ಲಿನ್ ಹಿಮ ನೋಡಲು ಹೋದದ್ದು

ವರ್ಲಿನ್ ಹ್ಯಾಚ್ ಆ ಬೆಳಿಗ್ಗೆ ಮಾಡಿದ ಮೊದಲ ತಪ್ಪು, ಹಿಮದ ದಾರಿಯಲ್ಲಿ ಚಕ್ರಕ್ಕೆ ಸುತ್ತುವ ಚೈನುಗಳನ್ನು ಬಿಸಿಲಿಗೆ ಹರಡಿದ್ದು. ಗಂಟು ಬಿಡಿಸಿ, ತುಕ್ಕು ಒರೆಸಿ, ಯಾರ ಕಣ್ಣಿಗೂ ಬೀಳುವ ಮೊದಲೇ ಪೆಟ್ಟಿಗೆಗೆ ಸೇರಿಸಿಬಿಡಬೇಕೆಂದು ಅವನ ಯೋಚನೆ. ಆದರೆ ಅರಿಜೋನಾದ ಮರುಭೂಮಿಯಲ್ಲಿ, ಜನವರಿಯಲ್ಲೂ ತೋಳಿಲ್ಲದ ಬನಿಯನ್ನಿನಲ್ಲಿ ಕೂರುವ ಜನರ ನಡುವೆ, ಹಿಮದ ಚೈನು ಹರಡುವುದೆಂದರೆ ಬಾಗಿಲಲ್ಲಿ ಆನೆ ಕಟ್ಟಿ ಯಾರಿಗೂ ಕಾಣಬಾರದು ಅಂದುಕೊಂಡ ಹಾಗೆ.

ಆ ಬಯಲಿನಲ್ಲಿ ಚಳಿಗಾಲ ಕಳೆಯಲು ಬಂದ ನಿವೃತ್ತರ ಮನೆಗಾಡಿಗಳು ಸಾಲಾಗಿ ನಿಂತಿದ್ದವು. ಒಳಗೇ ಮಂಚ, ಒಲೆ, ಬಚ್ಚಲು ಇರುವ ದೊಡ್ಡ ಗಾಡಿಗಳು. ಈ ಗಾಡಿಯಲ್ಲಿ ಸೀನಿದರೆ ಆ ಗಾಡಿಯಿಂದ ಆಶೀರ್ವಾದ ಬರುವಷ್ಟು ಹತ್ತಿರ. ವರ್ಲಿನ್ ನೆಬ್ರಾಸ್ಕಾದಲ್ಲಿ ಜೀವನವಿಡೀ ಶಾಲೆಯ ಬಸ್ ಓಡಿಸಿದವನು. ಮಕ್ಕಳ ಕಿರುಚಾಟ ಅವನ ಕಿವಿಯಲ್ಲಿ ಇನ್ನೂ ಬಾಡಿಗೆಗಿತ್ತು. ಅದು ಖಾಲಿ ಮಾಡುವ ಮೊದಲೇ ಈ ನೆರೆಹೊರೆ ಬಂದು ಸೇರಿಕೊಂಡಿತ್ತು.

ಅವನಿಗೆ ಬೇಕಾಗಿದ್ದದ್ದು ಒಂದೇ. ಮದುವೆಗೆ ಮುಂಚೆ, ಒಂಟಿಯಾಗಿ ಉತ್ತರದ ಕೆಂಪುಕಣಿವೆಯ ಅಂಚಿನಲ್ಲಿ ನಿಂತಿದ್ದಾಗ, ಕೆಂಪು ಬಂಡೆಗಳ ಮೇಲೆ ಹಿಮ ಬೀಳುವುದನ್ನು ಕಂಡಿದ್ದ. ಅದು ಹೇಗಿತ್ತು ಅಂತ ಹೆಂಡತಿ ಡಾರ್ಲಾಗೆ ಹೇಳಲು ಎಷ್ಟೋ ಸಲ ಬಾಯಿ ತೆರೆದು, ಮಾತು ಸಿಗದೆ ಮುಚ್ಚಿದ್ದ. ಇನ್ನು ಉಳಿದದ್ದು ತೋರಿಸುವುದು. ಇಬ್ಬರೇ ಇರಬೇಕು, ಸದ್ದು ಇರಬಾರದು. ವಸಂತಕ್ಕೆ ಗಾಡಿ ಮಾರುತ್ತೇನೆಂದು ಮಗಳಿಗೆ ಮಾತು ಕೊಟ್ಟಾಗಿತ್ತು. ಇವತ್ತು ಸಂಜೆ ಮೇಲಿನ ನಾಡಿನಲ್ಲಿ ಹಿಮ ಬೀಳುತ್ತದೆಂದು ರೇಡಿಯೋ ಹೇಳಿತ್ತು. ಬೀಳಲು ಶುರುವಾದ ಮೇಲೆ ಆ ದಾರಿಯಲ್ಲಿ ಚೈನು ಇಲ್ಲದ ಗಾಡಿಯನ್ನು ಬಿಡುವುದಿಲ್ಲ.

ಪಕ್ಕದ ಗಾಡಿಯ ಲೈಲ್ ಕಾಫಿ ಲೋಟ ಹಿಡಿದೇ ಬಂದ. "ಏನಪ್ಪಾ ವರ್ಲಿನ್, ಚೈನು ಹೊರಗೆ ಬಂದಿದೆ? ಎಲ್ಲಿಗೆ ಸವಾರಿ?"

ಎರಡನೆಯ ತಪ್ಪು ಆಗ ನಡೆಯಿತು. ಬೆಟ್ಟಕ್ಕೆ ಎಂದರೆ ಇಡೀ ಸಾಲು ಹೊರಟು ನಿಲ್ಲುತ್ತದೆ. "ಯೂಮಾ ಕಡೆ. ಮರಳುದಿಬ್ಬ ನೋಡೋಕೆ," ಅಂದ ವರ್ಲಿನ್.

"ಮರಳಿಗೆ ಚೈನು ಯಾಕೋ?"

"ಅದೇ... ಎಸೆಯೋಣ ಅಂತ."

"ಎಸೀತಾರೇನೋ ಇಂಥದನ್ನ? ಕೊಡಿಲ್ಲಿ. ನನ್ನ ಬಾರ್ಬೆಕ್ಯೂ ಒಲೆ ಗಾಳಿಗೆ ಉರುಳ್ತಾ ಇದೆ, ಕಟ್ಟಿಹಾಕ್ತೀನಿ." ಲೈಲ್ ಚೈನುಗಳನ್ನು ಹೆಗಲಿಗೆ ಹಾಕಿಕೊಂಡು ನಡೆದ. ವರ್ಲಿನ್ ತನ್ನ ಸುಳ್ಳಿನ ಬೆನ್ನನ್ನು ನೋಡುತ್ತ ನಿಂತ.

ಆ ಸಾಲಿನಲ್ಲಿ ಒಂದು ಪದ್ಧತಿಯಿತ್ತು. ಯಾರೇ ಹೊರಟರೂ ಎಲ್ಲರೂ ಬಂದು ಗಾಡಿಗೆ ಒಂದು ಸುತ್ತು ಹಾಕಬೇಕು. ದೀಪ, ಕೊಕ್ಕೆ, ನೀರಿನ ಕೊಳವೆ ನೋಡಬೇಕು. ಒಬ್ಬೊಬ್ಬರೂ ಒಂದೊಂದು ತಪ್ಪು ಕಂಡುಹಿಡಿಯಬೇಕು. ಕಂಡುಹಿಡಿಯದವನಿಗೆ ಮರ್ಯಾದೆಯಿಲ್ಲ. ಒಬ್ಬರು ಎರಡು ಸಲಿಕೆ ತಂದರು. ಇನ್ನೊಬ್ಬರು ಚಕ್ರ ಹೂತುಹೋದರೆ ಇರಲಿ ಅಂತ ಹಲಗೆಗಳನ್ನು ತುರುಕಿದರು. ದಪ್ಪ ಕಂಬಳಿಗಳು ಮರಳಿಗೆ ದಂಡವೆಂದು ಯಾರೋ ಇಳಿಸಿಬಿಟ್ಟರು. ಎಲ್ಲರಿಗಿಂತ ಕೊನೆಗೆ, ದೊಡ್ಡ ಡಾಕ್ಟರು ವಾರ್ಡಿಗೆ ಬರುವ ಹಾಗೆ, ಬ್ಯೂಫೋರ್ಡ್ ಬಂದ. ಟೈರುಗಳ ವಿಷಯದಲ್ಲಿ ಅವನ ಮಾತೇ ಕೊನೆ.

"ಇಷ್ಟು ಬಿಗಿ ಟೈರಲ್ಲಿ ಮರಳಿಗೆ ಇಳೀತೀಯಾ? ಹೊಟ್ಟೆವರೆಗೆ ಹೂತುಹೋಗ್ತೀಯ."

ಅಲ್ಲಿಗೆ ಹೋದ ಮೇಲೆ ಗಾಳಿ ಇಳಿಸುತ್ತೇನೆ ಎಂದು ವರ್ಲಿನ್ ಬೇಡಿಕೊಂಡ. ಅಲ್ಲಿ ನಿನಗೆ ಯಾರು ಮಾಡಿಕೊಡುತ್ತಾರೆ ಅನ್ನುತ್ತಲೇ ಬ್ಯೂಫೋರ್ಡ್ ಟೈರಿನ ಗಾಳಿ ಬಿಡಲು ಕೂತುಬಿಟ್ಟ. ಬುಸ್ಸೆಂಬ ಸದ್ದಿನೊಂದಿಗೆ ವರ್ಲಿನ್ನನ ಮಧ್ಯಾಹ್ನ ಹೊರಗೆ ಹೋಗುತ್ತಿತ್ತು. ಡಾರ್ಲಾ ಮಾತ್ರ ಈ ಗಲಾಟೆಯಲ್ಲಿ ಇರಲಿಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲಿ ಬ್ಯೂಫೋರ್ಡನ ಹೆಂಡತಿ ವಾಂಡಾಳ ಜೊತೆ ಟವೆಲ್ ಮಡಚುತ್ತಿದ್ದಳು.

ಕಡೆಗೂ ಹೊರಟಾಗ ಮನೆಗಾಡಿ ಹೊಟ್ಟೆ ಬಿರಿಯೆ ತಿಂದ ಎಮ್ಮೆಯಂತೆ ಅತ್ತಿತ್ತ ತೊನೆಯುತ್ತಿತ್ತು. ಕೈಬೀಸುವವರ ಮರ್ಯಾದೆಗೆ ದಕ್ಷಿಣಕ್ಕೆ ತಿರುಗಿ, ಅವರ ಕಣ್ಣು ತಪ್ಪಿದ ಮೇಲೆ ಸುತ್ತು ಹಾಕಿ ಉತ್ತರದ ಹೆದ್ದಾರಿ ಹಿಡಿದ. ಪೆಟ್ರೋಲ್ ಬಂಕಿನ ಹಿಂದೆ ಗಾಳಿ ತುಂಬುವ ಯಂತ್ರವಿತ್ತು. ಅದು ಉಬ್ಬಸದ ಮುದುಕನಂತೆ ಒಂದೊಂದೇ ಉಸಿರು ಬಿಡುತ್ತಿತ್ತು. ವರ್ಲಿನ್ ಹಿಂದಿನ ಚಕ್ರದ ಬಳಿ ಮಂಡಿಯೂರಿದ್ದಾಗ ಹೆದ್ದಾರಿಯಲ್ಲಿ ಯಾವುದೋ ದೊಡ್ಡ ಗಾಡಿ ಮುಂದಿನವರನ್ನೆಲ್ಲ ಪಕ್ಕಕ್ಕೆ ಸರಿಸುವಂತೆ ಹಾರ್ನ್ ಹೊಡೆದುಕೊಂಡು ಹೋಯಿತು. ಡಾರ್ಲಾ ಕೈ ಬೀಸಿದಳು. ನೊಣ ಓಡಿಸುತ್ತಿರಬೇಕು ಅಂದುಕೊಂಡ ವರ್ಲಿನ್.

ಆಮೇಲೆ ದಾರಿ ಏರತೊಡಗಿತು. ಕೈಯೆತ್ತಿ ನಿಂತ ಪಾಪಾಸುಕಳ್ಳಿಗಳು ಒಂದೊಂದಾಗಿ ಹಿಂದೆ ಉಳಿದವು. ಹುಲ್ಲು ಬಂತು, ಕುರುಚಲು ಬಂತು, ಒಂದು ತಿರುವು ದಾಟುತ್ತಲೇ ಪೈನ್ ಮರಗಳು. ಇನ್ನೊಂದು ತಿರುವಿನಲ್ಲಿ ಕೆಂಪು ಗೋಡೆಗಳು ಎದ್ದು ನಿಂತವು. ಕಿಟಕಿಯಿಂದ ಕತ್ತು ಹೊರಗೆ ಹಾಕಿದರೂ ಅವುಗಳ ತುದಿ ಕಾಣಲಿಲ್ಲ. ಮೇಲೆ ಮೋಡ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಬಾಯಿ ಸುಮ್ಮನಿರದ ಡಾರ್ಲಾ ಕೂಡ ಮಾತು ನಿಲ್ಲಿಸಿದ್ದಳು. ಚೈನಿಲ್ಲ, ಕಂಬಳಿಯಿಲ್ಲ, ಇನ್ನೊಂದು ಸ್ವಲ್ಪ ಹೊತ್ತು ತಡೆದುಕೋ ಎಂದು ವರ್ಲಿನ್ ಆಕಾಶಕ್ಕೆ ಮನಸ್ಸಿನಲ್ಲೇ ಕೈಮುಗಿದ. ಆಕಾಶ ತಡೆದುಕೊಂಡಿತು.

ಕಣಿವೆಯ ಅಂಚಿನ ಬಯಲು ಚಳಿಗಾಲದಲ್ಲಿ ಖಾಲಿ ಬಿದ್ದಿರುತ್ತದೆ. ವರ್ಲಿನ್ ಕೊನೆಯ ತಿರುವು ತಿರುಗಿಸಿದ. ಅಂಚಿನುದ್ದಕ್ಕೂ ಮಡಚುವ ಕುರ್ಚಿಗಳು ಸಾಲಾಗಿ ಕೂತಿದ್ದವು. ಅವುಗಳ ಹಿಂದೆ ಬ್ಯೂಫೋರ್ಡನ ಗಾಡಿ. ಅದರ ಹಿಂದಿನಿಂದ ಇಡೀ ಸಾಲು ಓಡಿಬಂತು.

"ಬದುಕಿದ್ದಾನೆ ಕಣ್ರೋ!" ಎಂದು ಬ್ಯೂಫೋರ್ಡ್ ಅವನನ್ನು ಬಾಚಿ ತಬ್ಬಿಕೊಂಡ. ಕಣ್ಣಲ್ಲಿ ನೀರಿತ್ತು. ಇವರು ಹೊರಟ ಮೇಲೆ, ಡಾರ್ಲಾ ಹೋಗಿದ್ದು ಮರಳಿಗಲ್ಲ, ಕೆಂಪುಕಣಿವೆಗೆ ಎಂದು ವಾಂಡಾ ಅಂದಳಂತೆ. ಬ್ಯೂಫೋರ್ಡ್ ಕೂತಲ್ಲಿಂದ ಛಂಗನೆ ಎದ್ದನಂತೆ. ಗಾಳಿಯಿಲ್ಲದ ಟೈರು, ಚೈನಿಲ್ಲದ ಗಾಡಿ, ಅದೂ ಹಿಮದ ಬೆಟ್ಟಕ್ಕೆ. ತಾವೇ ಕಳಿಸಿಕೊಟ್ಟೆವಲ್ಲ ಎಂದು ಒಂದೇ ಗಾಡಿಯಲ್ಲಿ ಎಲ್ಲರೂ ತುಂಬಿಕೊಂಡು ಬೆನ್ನಟ್ಟಿದ್ದರು. ಬಂಕಿನ ಹಿಂದೆ ಮರೆಯಾಗಿದ್ದ ಗಾಡಿ ದಾರಿಯಲ್ಲಿ ಎಲ್ಲೂ ಕಾಣದೆ, ಪ್ರತಿ ತಿರುವಿನಲ್ಲೂ ಪ್ರಪಾತಕ್ಕೆ ಇಣುಕಿ ನೋಡುತ್ತ ಬಂದಿದ್ದರು.

ಲೈಲ್ ಮುಂದೆ ಬಂದು ಚೈನುಗಳನ್ನು ವರ್ಲಿನ್ನನ ತೋಳಿಗೆ ಹೇರಿದ. "ತಗೋ ಮಾರಾಯ. ಸ್ವಲ್ಪ ಮಸಿ ಹತ್ತಿದೆ. ಸುಳ್ಳು ಹೇಳೋದಾದ್ರೆ ಹೆಂಡತಿಗೂ ಹೇಳಿಕೊಟ್ಟು ಹೇಳಬೇಕಪ್ಪಾ."

ಅವರಿಬ್ಬರಿಗೆಂದು ಸಾಲಿನ ನಟ್ಟನಡುವೆ ಎರಡು ಕುರ್ಚಿ ಬಿಟ್ಟಿದ್ದರು. ಇಳಿಸಿದ್ದ ಕಂಬಳಿಗಳು ಅವುಗಳ ಮೇಲಿದ್ದವು.

ಆಗ ಹಿಮ ಬೀಳತೊಡಗಿತು.

ಮೊದಲು ಒಂದೆರಡು, ದಾರಿ ತಪ್ಪಿದ ಹಾಗೆ. ಆಮೇಲೆ ಕಣಿವೆಯ ತುಂಬ. ಕೆಳಗಿನ ಕೆಂಪು ಗೋಪುರಗಳು ಒಳಗೆ ಕೆಂಡವಿಟ್ಟುಕೊಂಡಂತೆ ಉರಿಯುತ್ತಿದ್ದವು. ಅವುಗಳ ಹೆಗಲ ಮೇಲೆ ಬಿಳುಪು ಕೂರುತ್ತಿತ್ತು. ಎಲ್ಲಿಂದಲೂ ಸದ್ದಿಲ್ಲ. ಬ್ಯೂಫೋರ್ಡ್ ಟೋಪಿ ತೆಗೆದ. ಲೈಲನ ಕಾಫಿಯಲ್ಲಿ ಹಿಮ ಬಿದ್ದು ಕರಗಿತು, ಅವನು ನೋಡಲಿಲ್ಲ. ತಾನು ಹೇಳಲಾಗದೆ ಉಳಿಸಿಕೊಂಡದ್ದು ಇಷ್ಟೂ ಜನರ ಎದುರು ತಾನಾಗಿ ನಡೆಯುತ್ತಿರುವುದನ್ನು ವರ್ಲಿನ್ ನೋಡಿದ.

ಡಾರ್ಲಾಳ ಕಡೆ ಬಾಗಿ ಪಿಸುಮಾತಿನಲ್ಲಿ ಕೇಳಿದ: "ವಾಂಡಾಗೆ ಯಾಕೆ ಹೇಳಿದೆ? ನಾವಿಬ್ಬರೇ, ಸುಮ್ಮನೆ, ಅಂತ ಅಂದುಕೊಂಡಿದ್ದೆ."

ಡಾರ್ಲಾ ಹಿಮದಿಂದ ಕಣ್ಣು ಕೀಳದೆ ಅವನ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡಳು. "ನಾವಿಬ್ಬರೇ ಸುಮ್ಮನೆ ಕೂರೋಕೆ ಇಷ್ಟು ದೂರ ಬರಬೇಕಿತ್ತಾ? ಅದು ಮದುವೆಯಾದಾಗಿಂದ ಮನೇಲೇ ಇತ್ತಲ್ಲ. ಹೀಗಿರತ್ತೆ ಅಂತ ಒಂದು ಮಾತು ಹೇಳಿದ್ರೆ ಬಾಯಿ ಮುಚ್ಕೊಂಡು ಬರ್ತಿದ್ದೆ."

ಹೀಗಿರತ್ತೆ ಅಂತ ಹೇಳಲು ವರ್ಲಿನ್ ಬಾಯಿ ತೆರೆದ. ಅಷ್ಟರಲ್ಲಿ ಬ್ಯೂಫೋರ್ಡ್ ಟೋಪಿ ಹಾಕಿಕೊಂಡ.

"ನೋಡ್ರಪ್ಪಾ, ನನ್ನ ಗಾಡಿಗೆ ಚೈನಿಲ್ಲ. ತಿನ್ನೋಕೂ ಏನೂ ತಂದಿಲ್ಲ. ಬೆಳಿಗ್ಗೆ ಎಲ್ಲರೂ ವರ್ಲಿನ್ ಗಾಡೀಲಿ ಬೆಟ್ಟ ಇಳಿಯೋದು. ಹಿಮದಲ್ಲಿ ಜನ ತುಂಬಿಕೊಂಡು ಓಡಿಸಿ ಅಭ್ಯಾಸ ಇರೋನು ಇವನೊಬ್ಬನೇ."

ಮೌನ ಅಲ್ಲಿಗೆ ಮುಗಿಯಿತು. ಕಿಟಕಿಯ ಪಕ್ಕ ತನಗೇ ಬೇಕೆಂದು ವಾಂಡಾ ಮೊದಲೇ ಹೇಳಿಟ್ಟಳು. ತಿರುವುಗಳಲ್ಲಿ ತನಗೆ ವಾಂತಿ ಬರುತ್ತದೆ, ಮುಂದಿನ ಸೀಟು ತನ್ನದೆಂದು ಲೈಲ್ ಜಗಳಕ್ಕೆ ನಿಂತ. ಹಿಂದಿನಿಂದ ಯಾರೋ ಯಾರನ್ನೋ ತಳ್ಳಿದರು, ಯಾರೋ ದೂರು ಹೇಳಿದರು.

ವರ್ಲಿನ್ ಚೈನು ಹೊತ್ತುಕೊಂಡು ಎದ್ದ. ಶಾಲೆಯ ಬಸ್ಸಿನ ಹಳೆಯ ಅಭ್ಯಾಸ ಬಿಡಲಿಲ್ಲ. ತನಗೇ ತಿಳಿಯದಂತೆ ಬೆರಳು ಮುಂದೆ ಮಾಡಿ, ಹಿಮ ಕೂತ ತಲೆಗಳನ್ನು ಒಂದೊಂದಾಗಿ ಎಣಿಸತೊಡಗಿದ.