ನಮ್ಮ ಓಣಿಯ ಹನ್ನೆರಡು ನರಗಳು

ಹೊರದೇಶದಾಗ ಡಾಕ್ಟರಕಿ ಓದಿ ಬಂದವರಿಗೆ ಇಲ್ಲಿ ಮತ್ತೊಂದು ಪರೀಕ್ಷಾ ಇರ್ತದ. ಅದು ಪಾಸಾಗೂತನಕ ನೀವು ಡಾಕ್ಟರ್ ಹೌದೂ ಹೌದು, ಅಲ್ಲಾನೂ ಹೌದು. ಹಿಂಗ ನಡಬರಕ ನಿಂತವರ ಸುತ್ತ ನಗಿ ಬರೂವಂಥಾವು ತಾವಾಗೇ ನಡೀತಿರ್ತಾವ, ಕರಿಯೂದು ಬೇಕಾಗಂಗಿಲ್ಲ.

ನಮ್ಮಪ್ಪನದು ಹುಮನಾಬಾದಿನಾಗ ಸಣ್ಣ ಕಿರಾಣಿ ದುಕಾನ. ನಾ ವಿಮಾನ ಇಳದು ಮನಿಗೆ ಬರೂದ್ರಾಗೇ ಅಪ್ಪ ನನ್ನ ಹೆಸರಿನ ಮುಂದ ದೊಡ್ಡದಾಗಿ ‘ಡಾ.’ ಅಂತ ಬರಸಿ ತಗಡಿನ ಬೋರ್ಡ್ ಮಾಡಸಿಟ್ಟಿದ್ದ. ಪರೀಕ್ಷಾ ಆಗೂತನಕ ಅದನ್ನ ಹಾಕಂಗಿಲ್ಲ ಅಂತ ಹೇಳ್ದೆ. ಅಪ್ಪ ತಗೊಂಡು ಹೋಗಿ ಮಾಳಗಿ ಮ್ಯಾಲೆ ಗ್ವಾಡಿಗೆ ಮಾರಿ ಮಾಡಿ ನಿಲ್ಲಿಸ್ದ. ಎರಡು ಸಲ ನಾ ಡುಮ್ಕಿ ಹೊಡದೆ. ಮೂರನೇ ಸಲ ಫಾರ್ಮ್ ತುಂಬೂ ಮುಂದ ಅಪ್ಪ ಅಂದ, “ಈ ಸಲಾನೂ ಆಗದಿದ್ರ ಬೋರ್ಡ್ ಗುಜರಿಗೆ ಕೊಟ್ಟುಬಿಡೂಣು. ನೀ ದುಕಾನದಾಗ ಕೂಡು.” ಸಿಟ್ಟಿಲೆ ಅಂದಿದ್ರ ನಾನೂ ಎದುರು ಮಾತಾಡ್ತಿದ್ದೆ. ಸಮಾಧಾನಲೆ ಅಂದ, ಅದಕ್ಕೇ ಎದಿಗೆ ಬಡೀತು.

ಓಣಿ ಮಂದಿ ಎಲ್ಲಾ ಮೊದಲನೇ ದಿನದಿಂದೇ ನನ್ನ ಡಾಕ್ಟರಬಾಯಿ, ಅಂದ್ರ ಡಾಕ್ಟರಮ್ಮ, ಅಂತ ಕರದ್ರು. ನಮ್ಮ ಆಯಿ, ಅಂದ್ರ ಅಪ್ಪನ ತಾಯಿ, ಒಬ್ಬಾಕಿ ಕರೀಲಿಲ್ಲ. “ಪಾಸಾಗ್ಲಿ, ಆಮ್ಯಾಲ ನೋಡೂಣು” ಅಂತಿದ್ಳು.

ಕಿಟಕಿ ಬಾಜೂ ಸೀಟು

ಬಸವಕಲ್ಯಾಣದಾಗ ನನ್ನ ಗೆಳತಿ ಒಬ್ಬಾಕಿ ಅದಾಳ. ಅದೇ ಪರೀಕ್ಷಾ, ಅದೇ ಹಣೆಬರಾ. ಇಬ್ಬರೂ ಕೂಡಿ ಓದೂಣು ಅಂತ ನಾ ಹುಮನಾಬಾದಿನಿಂದ ಕಲ್ಯಾಣದ ಬಸ್ ಹಿಡೀತಿದ್ದೆ. ಬಸ್ಸಿನಾಗ ಕಣ್ಣ ಮುಚ್ಚಿ, ಬೆರಳ ಮಡಚ್ಕೋತ, ಮಣಿಕಟ್ಟಿನ ಎಲುಬಿನ ಹೆಸರೆಲ್ಲಾ ಬಾಯಾಗೇ ಅಂದ್ಕೋತ ಹೋಗೂದು ನನ್ನ ರೂಢಿ.

ಒಂದಿನ ಬಾಜೂಕ ಹುಡಗಿ ಅಂಬೂ ಊರಿನ ಹಿರಿಯಾಕಿ ಒಬ್ಬರು ಕೂತಿದ್ರು. ಕಲ್ಯಾಣಕ್ಕ ಹೊಂಟ ಹೆಣ್ಣುಮಗಳು ಕಣ್ಣ ಮುಚ್ಚಿ ತುಟಿ ಅಲ್ಲಾಡಸಾಕತ್ತಾಳ ಅಂದ್ರ ಅದು ಭಕ್ತಿ ಅಲ್ಲದ ಮತ್ತೇನು ಇರ್ತದ? ಎದ್ದು ನಿಂತು, “ಬಾರವಾ, ಕಿಟಕಿ ಕಡೆ ಕೂಡು. ಧ್ಯಾನಕ್ಕ ಗಾಳಿ ಬೇಕು” ಅಂದ್ರು. ಬ್ಯಾಡ್ರಿ ಅಂದ್ರೂ ಬಿಡ್ಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ಮುಗದು ಕೇಳಿದ್ರು, “ಯಾವ ಮಂತ್ರ ಅದು ತಾಯಿ? ನನಗೂ ಜರಾ ಹೇಳಿಕೊಡು.”

“ಮಂತ್ರ ಅಲ್ರಿ, ಕೈಯಾಗಿನ ಎಲುಬಿನ ಹೆಸರು. ಪರೀಕ್ಷಾ ಅದ್ರಿ.”

ಅವರು ನನ್ನ ಮ್ಯಾಲಿಂದ ಕೆಳಗ ನೋಡಿದ್ರು. “ಪರೀಕ್ಷಾಕ್ಕೇನು?” ಅಂದ್ರು. “ಹಂಗಾರ ಏಳು, ನನ್ನ ಸೀಟ್ ನನಗ ಕೊಡು.”

ಮಾಮಾನ ಹೊಟ್ಟಿ

ನಮ್ಮ ಪರೀಕ್ಷಾದಾಗ ಎಲ್ಲಾ ಪ್ರಶ್ನಿಗೂ ನಾಕು ಉತ್ತರ ಅವರೇ ಕೊಟ್ಟಿರ್ತಾರ, ನಾವು ಒಂದು ಆರಸಬೇಕು. ಅದನ್ನೇ ಓದಿ ಓದಿ ನನ್ನ ತಲೀನೂ ಹಂಗೇ ಆಗಿಬಿಟ್ಟಿತ್ತು. ಅವ್ವ ಏನು ಅಡಗಿ ಮಾಡ್ಲಿ ಅಂದ್ರ, “ನಾಕು ಹೇಳವಾ” ಅಂತಿದ್ದೆ.

ನಿರ್ಣಾದಿಂದ ನಮ್ಮ ಸ್ವಾದರಮಾಮಾ ಹೊಟ್ಟಿ ಹಿಡ್ಕೊಂಡು ಬಂದ್ರು. ನಾ ಗುಳಿಗಿ ಬರದು ಕೊಡಂಗಿಲ್ರಿ, ನನಗಿನ್ನೂ ಪರವಾನಗಿ ಇಲ್ಲ, ಸರಕಾರಿ ದವಾಖಾನಿಗೆ ಹೋಗೂಣು ನಡೀರಿ ಅಂದೆ. “ಗುಳಿಗಿ ಬ್ಯಾಡ, ಏನಾಗೇದ ಅಷ್ಟಾದ್ರೂ ಹೇಳು. ಅಷ್ಟು ದೂರ ಹೋಗಿ ಓದಿ ಬಂದೀದಿ” ಅಂದ್ರು.

ನನಗೂ ಹುರುಪು ಬಂತು. “ಮಾಮಾ, ನೋವು ಹ್ಯಾಂಗ ಅದ್ರಿ? ಒಂದು, ಉರೀತದ. ಎರಡು, ಹಿಂಡ್ತದ. ಮೂರು, ಬೆನ್ನಿಗೆ ಹೋಗ್ತದ. ನಾಕು, ಇದ್ರಾಗ ಯಾವುದೂ ಅಲ್ಲ.”

ಮಾಮಾ ನಾಕು ಬೆರಳ ಮಡಚಿ ಎಣಿಸಿದ್ರು. ಆಮ್ಯಾಲ ಅವ್ವನ ಕಡೆ ತಿರುಗಿ, “ಅಕ್ಕಾ, ಹೊಟ್ಟಿ ನಂದು, ನೋವೂ ನಂದು, ಉತ್ತರಾನೂ ನಾನೇ ಹೇಳ್ಬೇಕಂತ. ಮತ್ತ ಡಾಕ್ಟರ್ ಯಾರು?” ಅಂದ್ರು.

ನರಗಳು ಮನಿಗೆ ಬಂದ್ರು

ತಲಿಯಿಂದ ಹೊಂಡೂ ಹನ್ನೆರಡು ನರ ಅವ. ಯಾವ ನಂಬರಿನದು ಏನು ಕೆಲಸ ಮಾಡ್ತದ ಅಂಬೂದು ಬಾಯಿಪಾಠ ಇರಬೇಕು. ನನಗ ಪ್ರತಿ ಸಲ ಹಿಂದ ಮುಂದ ಆಗ್ತಿತ್ತು. ಎರಡು ಸಲಾನೂ ಅಲ್ಲೇ ಮುಗ್ಗರಿಸಿದ್ದೆ. ಕಡೀಕ ಒಂದು ಉಪಾಯ ಹೊಳೀತು. ನಮ್ಮ ಓಣ್ಯಾಗ ಬರಾಬರ್ ಹನ್ನೆರಡು ಮನಿ. ಒಂದೊಂದು ಮನಿಗೆ ಒಂದೊಂದು ನರ ಹಂಚಿಬಿಟ್ಟೆ.

ಮೊದಲನೇ ನರ ವಾಸನಿದು. ಮೊದಲನೇ ಮನಿಯವರದು ಮಿರ್ಚಿ ಭಜಿ ಗಾಡಿ. ಎರಡನೇದು ನೋಟದ್ದು, ಎರಡನೇ ಮನಿ ಮುತ್ಯಾ ಮುಂಜಾನೆಯಿಂದ ಸಂಜಿತನಕ ಕಿಟಕ್ಯಾಗ ಕೂತು ಹೋಗೂ ಬರೂ ಮಂದಿನ ನೋಡ್ತಾನ. ಐದನೇದು ಅಗಿಯೂದು, ಅದು ನಮ್ಮದೇ ಮನಿ, ಆಯಿ ಬಾಯಾಗ ಎಲಿ ಅಡಕಿ ಇಲ್ಲದ ಹೊತ್ತಿಲ್ಲ. ಎಂಟನೇದು ಕೇಳೂದು, ನಮ್ಮ ಅಡಗಿ ಮನ್ಯಾಗ ಚಮಚ ಬಿದ್ರ ಯಾರ ಕೈಯಿಂದ ಬಿತ್ತು ಅಂಬೂದು ಎಂಟನೇ ಮನಿ ಅತ್ತಿಯವರಿಗೆ ಗೊತ್ತಿರ್ತದ. ಹತ್ತನೇದು ತಿರುಗಾಟದ ನರ, ತಲಿಯಾಗ ಹುಟ್ಟಿ ಎದಿ, ಪುಪ್ಪುಸ, ಹೊಟ್ಟಿ ಎಲ್ಲಾ ಕಡೆ ಹೋಗ್ತದ. ಹತ್ತನೇ ಮನಿ ಕಾಕಾ ಹಂಗೇ, ಎಲ್ಲಾರ ಮನಿಗೆ ಹೋಗಿ ಚಹಾ ಕುಡದು ಬರ್ತಾರ. ಹನ್ನೊಂದನೇದು ಹೆಗಲ ಎತ್ತೂದು. ಹನ್ನೊಂದನೇ ಮನಿ ದರ್ಜಿಗೆ ಕುಪ್ಪಸ ಯಾವಾಗ ಆಗ್ತದ ಅಂತ ಕೇಳ್ರಿ, ಎರಡೂ ಹೆಗಲ ಎತ್ತತಾನ.

ಮಾಳಗಿ ಮ್ಯಾಲೆ ಅಡ್ಡಾಡ್ಕೋತ ಇದನ್ನ ಗಟ್ಟಿಯಾಗಿ ಅಂದ್ಕೋತಿದ್ದೆ. ಎಂಟನೇ ಮನಿಗೆ ಕೇಳಸ್ತು. ಕೇಳಸ್ದೇ ಇದ್ರ ನಾ ಓದಿದ್ದೇ ತಪ್ಪು ಅಂತ ಆಗ್ತಿತ್ತು. ಮರುದಿನ ನರಗಳೆಲ್ಲಾ ನಮ್ಮ ಪಡಸಾಲ್ಯಾಗ ಬಂದು ಕೂತ್ರು. ಬೈತಾರಂತ ನಾ ಅವ್ವನ ಹಿಂದ ನಿಂತೆ. ಆದ್ರ ಅವರ ಫಿಕರೇ ಬ್ಯಾರೆ ಇತ್ತು.

“ಹತ್ತನೇ ನರ ಹೋಗಲಾರದ ಜಾಗಾನೇ ಇಲ್ಲೇನು?” ಅಂತ ಕಾಕಾ ಕೇಳಿದ್ರು.

“ಬಹಳ ಕಡೆ ಹೋಗ್ತದ್ರಿ ಕಾಕಾ.”

“ಚಹಾ ತರ್ರಿ ಹಂಗಾರ” ಅಂದ್ರು ಕಾಕಾ.

ಅತ್ತಿ ಮಾತ್ರ ಮಾರಿ ಸಣ್ಣದು ಮಾಡ್ಕೊಂಡಿದ್ರು. “ಅವರಿಗೆ ಎದಿ, ಹೊಟ್ಟಿ ಎಲ್ಲಾ ಕೊಟ್ಟೀದಿ. ನನಗ ಬರೀ ಕಿವಿ?”

“ಅಲ್ರಿ ಅತ್ತಿ, ಮನುಷ್ಯಾರು ಜೋಲಿ ತಪ್ಪಲಾರದಂಗ ನೆಟ್ಟಗ ನಿಲ್ಲೂದೂ ಎಂಟನೇ ನರದಿಂದೇ.”

ಅತ್ತಿ ಸೆರಗ ಸರಿ ಮಾಡ್ಕೊಂಡ್ರು. “ಅದು ಖರೇ. ನಾ ಕಿವಿ ಇಟ್ಟೀನಂತ ಈ ಓಣಿ ನೆಟ್ಟಗ ಅದ.”

ದರ್ಜಿಯ ಅಭಿಪ್ರಾಯನೂ ಕೇಳಿದ್ವಿ. ಹೆಗಲ ಎತ್ತಿದ.

ಎಂಟನೇ ಮನಿ ಖಾಲಿ

ಪರೀಕ್ಷಾ ಹತ್ತರ ಬಂದಾಗ ಅತ್ತಿ ಸಾಮಾನ ಕಟ್ಟಾಕತ್ತಿದ್ರು. ಮಗಳ ಬಾಣಂತನ ಅದ, ಕಲ್ಯಾಣಕ್ಕ ಹೋಗಿ ಅಲ್ಲೇ ಇರ್ತೀನಿ ಅಂದ್ರು. ಅಳು ಬರೂವಂಗ ಕೇಳಿದೆ, “ಪರೀಕ್ಷಾ ಮುಗಿಯೂತನಕ ಇರ್ರಿ ಅತ್ತಿ. ನೀವು ಹೋದ್ರ ನನ್ನ ಎಂಟನೇ ನರಾನೇ ಹೋಗ್ತದ.”

“ಕೂಸಿಗೆ ಹೇಳಿ ನೋಡವಾ. ಅದು ನಿನ್ನ ಪರೀಕ್ಷಾ ನೋಡ್ಕೊಂಡು ಹುಟ್ತದೇನು?” ಅಂತ ಟೆಂಪೋ ಹತ್ತಿದ್ರು.

ಆ ಮನಿಗೆ ಬಾಡಿಗಿಗೆ ಬಂದವರು ಗೋರ್ಟಾ ಕಡೆಯ ನಿವೃತ್ತ ಮಾಸ್ತರ್ರು. ಬಹಳ ಒಳ್ಳೇ ಮನುಷ್ಯ. ನಾ ನಮಸ್ಕಾರ್ರಿ ಸರ್ ಅಂದೆ, ನಕ್ಕರು. ಯಾವೂರ್ರಿ ಅಂದೆ, ನಕ್ಕರು. ಹಿಂದಿನಿಂದ ಅವರ ಹೆಂಡತಿ ಬಂದು ಹೇಳಿದ್ರು, “ಅವರಿಗೆ ಕಿವಿ ಕೇಳಸಂಗಿಲ್ಲವಾ. ನಡಿಯೂ ಮುಂದ ಜೋಲಿನೂ ಹೋಗ್ತದ, ಜರಾ ನೋಡಿ ದಾರಿ ಬಿಡು.”

ಹನ್ನೆರಡು ಮನ್ಯಾಗ ಬ್ಯಾರೆ ಯಾವ ಮನೀನೂ ಸಿಗಲಿಲ್ಲೇನು ಇವರಿಗೆ ಅಂತ ನಾ ಅವತ್ತು ಊಟಾನೇ ಮಾಡ್ಲಿಲ್ಲ.

ಕಾಕಾ ಮನ್ಯಾಗ ಇಲ್ಲ

ಪರೀಕ್ಷಾ ದೊಡ್ಡ ಊರಾಗ, ಕಂಪ್ಯೂಟರ್ ಮುಂದ. ಒಂದು ಪ್ರಶ್ನಿ ಬಂತು: ರೋಗಿಗೆ ಕಿವಿ ಕೇಳಸಂಗಿಲ್ಲ, ನಡದ್ರ ಜೋಲಿ ಹೋಗ್ತದ, ಕೆಟ್ಟಿದ್ದು ಯಾವ ನರ? ನನ್ನ ಕಣ್ಣ ಮುಂದ ಮಾಸ್ತರ್ರು ಬಂದು ನಕ್ಕರು. ನರ ನೆಟ್ಟಗಿದ್ರ ಹ್ಯಾಂಗಂತ ಅತ್ತಿ ಕಲಸಿದ್ರು, ಕೆಟ್ರ ಹ್ಯಾಂಗಂತ ಮಾಸ್ತರ್ರು ಕಲಸಿದ್ರು. ಊಟ ಬಿಟ್ಟಿದ್ದು ದಂಡ ಅನಸ್ತು.

ಮುಂದ ಇನ್ನೊಂದು: ಎದಿ ಬಡಿತ ನಿಧಾನ ಮಾಡಿ, ಹೊಟ್ಟಿಗೂ ಹೋಗೂ ನರ ಯಾವುದು? ಹೆದರಿಕಿಗೆ ನನ್ನ ತಲಿ ಖಾಲಿ ಆಗಿತ್ತು. ಕಣ್ಣ ಮುಚ್ಚಿ ಓಣ್ಯಾಗ ಹೊಂಟೆ. ಒಂಬತ್ತನೇ ಮನಿ ದಾಟಿ ಮುಂದಿನ ಬಾಗಿಲ ಬಡದೆ, ಕೀಲಿ ಹಾಕಿತ್ತು. ಕಾಕಾ ಇಲ್ಲ. ಎಲ್ಲಿ ಹೋದ್ರಪ್ಪ ಇಂಥಾ ಹೊತ್ತಿನಾಗ ಅಂತ ಸಿಟ್ಟು ಬಂತು. ಆಮ್ಯಾಲ ತಿಳೀತು, ಮನ್ಯಾಗ ಇಲ್ಲದ್ದೇ ಅವರ ಗುರುತು.

ಬಿಸಲು

ನಮ್ಮ ಮನ್ಯಾಗ ಫೋನಿಗೆ ನೆಟ್‌ವರ್ಕ್ ಸಿಗೂದು ಮಾಳಗಿ ಮ್ಯಾಲೆ ಅಷ್ಟೇ. ರಿಸಲ್ಟಿನ ದಿನ ಅಪ್ಪ ದುಕಾನ ಮುಚ್ಚಿ ಬಂದು ನನ್ನ ಬಾಜೂಕ ನಿಂತ. ಪಾಸ್ ಅಂತ ಬಂತು. ಅಪ್ಪ ಒಮ್ಮೆ ಓದ್ದ, ಕನ್ನಡಕ ಒರಸ್ಕೊಂಡು ಮತ್ತೊಮ್ಮೆ ಓದ್ದ. ನಾ ಅಲ್ಲೇ ಕುಸದು ಕೂತು ಅತ್ತೆ. ಖುಷಿಗೂ ಅತ್ತೆ, ಇಷ್ಟು ದಿನದ ದಣಿವಿಗೂ ಅತ್ತೆ. ಅವ್ವಗ ಹೇಳೂಣು ಅಂತ ಮೆಟ್ಟಲಿಗೆ ಬರೂದ್ರಾಗೇ ಕಲ್ಯಾಣದಿಂದ ಅತ್ತಿ ಫೋನ್ ಬಂತು. “ಪಾಸಾದಿ ಅಂತಲ್ಲ?” ನಮ್ಮ ಎಂಟನೇ ನರ ಊರ ಬಿಟ್ರೂ ಕೆಲಸ ಬಿಟ್ಟಿರಲಿಲ್ಲ.

ಅಪ್ಪಗ ಈಗಿಂದೀಗ ಬೋರ್ಡ್ ಹಾಕಬೇಕಿತ್ತು. ಗ್ವಾಡಿ ಹತ್ತರ ನೋಡ್ದ, ಇಲ್ಲ. ಮಾಳಗಿಯ ಆ ತುದಿಗೆ ಆಯಿ ಕೈಯಾಗ ಕೋಲು ಹಿಡ್ಕೊಂಡು, ಎಲಿ ಅಡಕಿ ಅಗಿಕೋತ ಕೂತಿದ್ಳು. ಮುಂದ ನನ್ನ ಬೋರ್ಡ್ ಬೋರಲಾಗಿ ಮಲಗಿತ್ತು, ಅದರ ಬೆನ್ನಿನ ಮ್ಯಾಲೆ ಸಾಲಾಗಿ ಹಸಿ ಸಂಡಗಿ.

“ಯವ್ವಾ, ತೆಗಿ ಇವನ್ನ. ಬೋರ್ಡ್ ಹಾಕಬೇಕು, ಮಗಳು ಪಾಸಾಗ್ಯಾಳ” ಅಂದ ಅಪ್ಪ.

“ಕೇಳಸ್ತು” ಅಂದ್ಳು ಆಯಿ. “ಅಕ್ಷರಕ್ಕ ಅಪಮಾನ ಆಗಬಾರದಂತ ಅಕ್ಷರದ ಬಾಜೂ ಕೆಳಗ ಮಾಡೀನಿ. ಹಸಿ ಸಂಡಗಿ ಈಗ ತಗದ್ರ ಮುರೀತಾವ. ಇಷ್ಟು ವರ್ಸ ಕಾದೀರಿ, ಇವತ್ತೊಂದು ಬಿಸಲು ಕಾಯ್ರಿ.”

ಆಯಿ ಮೊಣಕಾಲ ಹಿಡ್ಕೊಂಡು ಎದ್ಳು, ನನ್ನ ಹತ್ತರ ಬಂದ್ಳು, ಸೆರಗಿಲೆ ನನ್ನ ಕಣ್ಣ ಒರಸಿದ್ಳು. ಆಮ್ಯಾಲ ಕೋಲು ನನ್ನ ಕೈಯಾಗ ಕೊಟ್ಟು, ನಾ ಇಷ್ಟು ವರ್ಸ ಆಕಿ ಬಾಯಿಂದ ಕೇಳಬೇಕಂತ ಕಾದ ಮಾತು ಅಂದ್ಳು.

“ಡಾಕ್ಟರಬಾಯಿ, ನಾ ಜರಾ ಅಡ್ಡಾಗಿ ಬರ್ತೀನಿ. ನೀ ಇಲ್ಲಿ ಕೂತು ಕಾಗಿ ಹೊಡಿ.”