ಮಸ್ಕತ್ತಿಗೆ ಹಾಲು ತುಪ್ಪ

ಗಂಡನ ಬದಲು ಗಂಡನ ಷರ್ಟನ್ನು ಮಣ್ಣು ಮಾಡಿದ ಹೆಂಗಸು ಪೀಣ್ಯದ ಸುತ್ತಮುತ್ತ ನಾನೊಬ್ಬಳೇ ಇರಬೇಕು.

ನಮ್ಮನೆಯವರು ಪೀಣ್ಯದ ಒಂದು ಷೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದರು. ಮದುವೆಯಾಗಿ ಆರು ತಿಂಗಳಿಗೆ, ಎಂಬತ್ತೆರಡನೇ ಇಸವಿಯಲ್ಲಿ, ಮಸ್ಕತ್ತಿಗೆ ಹೋದರು. ವರ್ಷ ತುಂಬುವುದರೊಳಗೆ ಎದೆನೋವು ಬಂದು ಅಲ್ಲೇ ತೀರಿಕೊಂಡರು. ಜೊತೆಯಲ್ಲಿದ್ದ ನಮ್ಮೂರಿನ ಆಂಜಿನಪ್ಪ ನಾಲ್ಕು ಜನರನ್ನು ಸೇರಿಸಿ ಅಲ್ಲೇ ಮಣ್ಣು ಮಾಡಿಸಿದ. ಊರಿಗೆ ಬಂದದ್ದು ಅವರ ಬಟ್ಟೆಬರೆಯ ಪೆಟ್ಟಿಗೆ ಮಾತ್ರ.

ಹಿರಿಯರು ಕೂತು ಯೋಚಿಸಿದರು. ಪೆಟ್ಟಿಗೆಯಲ್ಲಿದ್ದ ನೀಲಿ ಷರ್ಟನ್ನು ಹೊಲದ ಬದುವಿನಲ್ಲಿ ಹೂಳಿಸಿ, ಮೂರನೇ ದಿನ ಅದರ ಮೇಲೆ ಹಾಲು ತುಪ್ಪ ಬಿಡಿಸಿದರು. ನಾನೂ ಬಿಟ್ಟೆ. ಸಮಾಧಾನ ಆಗಲಿಲ್ಲ. ಷರ್ಟಿಗೆ ಹಾಲು ಬಿಟ್ಟರೆ ಷರ್ಟು ನೆನೆಯುತ್ತದೆ, ಅಷ್ಟೇ. (ಅದೂ ಒಳ್ಳೆಯ ಷರ್ಟು. ಒಂದು ಗುಂಡಿಯೂ ಹೋಗಿರಲಿಲ್ಲ.)

ಮಸ್ಕತ್ತಿಗೇ ಹೋಗಿ, ಅವರು ಮಲಗಿರುವ ಜಾಗದಲ್ಲೇ ಹಾಲು ತುಪ್ಪ ಬಿಟ್ಟು ಬರುತ್ತೇನೆ ಎಂದೆ. ನಮ್ಮತ್ತೆ ಭದ್ರಮ್ಮ ಮೊರ ಕೆಳಗಿಟ್ಟರು.

“ಮೆಜೆಸ್ಟಿಕ್‌ನಾಗೆ ಬಸ್ಸು ಅತ್ತಕ್ಕೆ ಬರಕಿಲ್ಲ, ಮಸ್ಕತ್ತಂತೆ.”

“ಮಸ್ಕತ್ತಿಗೆ ಬಸ್ಸಿಲ್ಲ ಅತ್ತೆ.”

“ಬಾಯೊಂದು ಅದೆ ನಿಂಗೆ.”

ಯಶವಂತಪುರದಲ್ಲಿ ರಾಮಾಂಜಿನಪ್ಪ ಎಂಬ ಏಜೆಂಟ್ ಇದ್ದ. ಪರದೇಶಗಮನದ ಸಕಲ ಮಾರ್ಗಗಳನ್ನೂ ಬೆರಳು ಮಡಿಸಿ ಹೇಳತೊಡಗಿದ.

“ಓದಿದ್ರೆ ನರ್ಸು. ಎಷ್ಟ್ ಓದಿದೀಯಕ್ಕ?”

“ಮೂರನೇ ಕ್ಲಾಸು.”

“ಅದು ಬಿಡು. ಗಂಡ ಅಲ್ಲೇ ಇದ್ರೆ ಫ್ಯಾಮಿಲಿ ವೀಸಾ.”

“ಅಲ್ಲೇ ಅವ್ರೆ.”

“ಮತ್ತಿನ್ನೇನಕ್ಕ! ಒಂದ್ ಸೈನ್ ಹಾಕಿ ಕಳ್ಸೋಕೆ ಹೇಳು.”

“ಮಣ್ಣಾಗವ್ರೆ ಅಣ್ಣ. ಹತ್ತು ತಿಂಗ್ಳಾಯ್ತು.”

ರಾಮಾಂಜಿನಪ್ಪ ಪೆನ್ನಿಗೆ ಕ್ಯಾಪು ಹಾಕಿದ. ಸತ್ತವರನ್ನು ನೋಡಲು ಹೋಗುವ ವೀಸಾ ಅವನ ಹತ್ತು ಬೆರಳಿನಲ್ಲಿ ಒಂದರಲ್ಲೂ ಇರಲಿಲ್ಲ. ಉಳಿದದ್ದು ಆಯಾ ಕೆಲಸ. ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನ ವತ್ಸಲಾ ಎಂಬುವರು ಬಾಣಂತನಕ್ಕೆ ತವರಿಗೆ ಬಂದಿದ್ದರು. ಅವರ ಗಂಡ ಮಸ್ಕತ್ತಿನಲ್ಲಿ ಎಂಜಿನಿಯರ್. ವಾಪಸು ಹೋಗುವಾಗ ಆಯಾ ಒಬ್ಬಳನ್ನು ಕರೆದುಕೊಂಡು ಹೋಗುತ್ತಾರಂತೆ. ಪಾಸ್‌ಪೋರ್ಟು ಅವರೇ ಮಾಡಿಸುತ್ತಾರಂತೆ.

“ಮಗೂಗೆ ಎಣ್ಣೆ ಹಚ್ಚಿ ನೀರು ಹಾಕಿ ತೋರಿಸ್ಬೇಕು. ಬರುತ್ತೆ ತಾನೆ?” ಎಂದ ರಾಮಾಂಜಿನಪ್ಪ.

“ಬತ್ತದೆ.”

ಸುಳ್ಳು. ಆರು ತಿಂಗಳ ಸಂಸಾರದಲ್ಲಿ ನನಗೆಲ್ಲಿಯ ಮಗು? ಊರಿನ ಅರ್ಧ ಮಕ್ಕಳಿಗೆ ಎರೆದವರು ನಮ್ಮತ್ತೆ. ಅವರ ಕಾಲಿಗೆ ಬಿದ್ದೆ. ಅಟ್ಟದಿಂದ ಒಂದು ಕುಂಬಳಕಾಯಿ ಇಳಿಸಿದರು. ಮಹಾಭ್ಯಾಸ ಶುರುವಾಯಿತು.

“ಕಾಲು ನೀಡ್ಕಂಡು ಕೂತ್ಕ. ಅದನ್ನ ಮಕಾಡೆ ಮಲಗಿಸ್ಕ. ಕತ್ತು ಇಡ್ಕ.”

“ಕುಂಬಳಕಾಯಿಗೆ ಕತ್ತು ಎಲ್ಲದೆ ಅತ್ತೆ?”

“ಅದೆ ಅಂದ್ಕ. ನಿಂಗೆ ಬುದ್ಧಿ ಅದೆ ಅಂತ ನಾನು ಅಂದ್ಕಂಡಿಲ್ವಾ?”

ಎಣ್ಣೆ ಹಚ್ಚಿದ ಕುಂಬಳಕಾಯಿ ಎರಡು ಸಲ ಜಾರಿತು. ಮೂರನೇ ಸಲ ಒಡೆಯಿತು. ಅದನ್ನೇ ಸಾರು ಮಾಡಿದೆ. ಅತ್ತೆ ಎರಡು ಸಲ ಬಡಿಸಿಕೊಂಡರು.

ಭಾನುವಾರ ಜಾಲಹಳ್ಳಿಗೆ ಹೊರಟೆ. ಕರೆಯದಿದ್ದರೂ ಅತ್ತೆ ಹಿಂದೆಯೇ ಬಂದರು. “ಕಂಡೋರ ಕೂಸು. ಕೊಂದುಗಿಂದು ಹಾಕೀಯ” ಎಂದರು.

ವತ್ಸಲಮ್ಮ ಬಚ್ಚಲಿನಲ್ಲಿ ಮಣೆ ಹಾಕಿಕೊಟ್ಟು ಮಗುವನ್ನು ನನ್ನ ಕಾಲಿನ ಮೇಲೆ ಮಲಗಿಸಿದರು. ಮೂರು ತಿಂಗಳ ಹೆಣ್ಣು ಮಗು. ಎಣ್ಣೆ ಮುಟ್ಟಿಸಿದ್ದೇ ತಡ, ಕ್ವಾರ್ಟರ್ಸೆಲ್ಲ ಕೇಳುವ ಹಾಗೆ ಕಿರುಚಿತು. ಮೈ ಬಿಲ್ಲು ಮಾಡಿತು. ಜಾರಿತು. ಇದು ಕೈ ತಪ್ಪಿದರೆ ಮಸ್ಕತ್ತೂ ತಪ್ಪುತ್ತದೆ, ಅವರೂ ತಪ್ಪುತ್ತಾರೆ ಎಂದು ನೆನೆದಷ್ಟೂ ಬಿಗಿಯಾಗಿ ಹಿಡಿದೆ, ಅದು ಇನ್ನೂ ಕಿರುಚಿತು.

“ತತ್ತಾ ಇಲ್ಲಿ!”

ಅತ್ತೆ ನನ್ನನ್ನು ಮಣೆಯಿಂದ ಎಬ್ಬಿಸಿ, ಸೀರೆ ಮೇಲೆತ್ತಿ, ಕಾಲು ನೀಡಿ ಕೂತರು. ಬೆನ್ನು ನೀವಿದರು. ನೆತ್ತಿಗೆ ಎಣ್ಣೆ ತಟ್ಟಿದರು. ಬಿಸಿನೀರು ಎರೆಯುತ್ತ ಅದೇನೋ ಗುನುಗಿದರು. ಮಗು ಒಂದು ಸಲ ಆಕಳಿಸಿ, ಅವರ ಕಾಲಿನ ಮೇಲೇ ನಿದ್ದೆ ಹೋಯಿತು. ಅತ್ತೆ ಅದರ ಮುಖವನ್ನೇ ನೋಡುತ್ತಿದ್ದರು. ಅವರ ಕಣ್ಣಿಗೂ ನೀರು ಸಿಡಿದಿತ್ತು. ಸಿಡಿದದ್ದೇ ಎಂದು ನಾನೂ ಅಂದುಕೊಂಡೆ.

“ಅಜ್ಜೀನೇ ಬರ್ಲಿ” ಎಂದರು ವತ್ಸಲಮ್ಮ.

“ಅವ್ರಿಗೆ ಅರವತ್ತು ಆಯ್ತು ಅಮ್ಮಾವ್ರೆ!”

“ಒಳ್ಳೇದೇ ಆಯ್ತಲ್ಲಮ್ಮ. ಅನುಭವಸ್ಥರು.”

ಇಬ್ಬರೂ ಮನೆಗೆ ಬಂದೆವು. ಹೊಸಿಲ ಹತ್ತಿರ ಅತ್ತೆ ನಿಂತರು.

“ನಾನ್ ಓಗಕಿಲ್ಲ ಕಣೆ. ನಿನ್ ಗಂಡ.”

“ನಿಮ್ ಮಗ.”

ಮಾರನೆಯ ದಿನ ಅತ್ತೆ ಪಾಸ್‌ಪೋರ್ಟಿನ ಅರ್ಜಿಗೆ ಹೆಬ್ಬೆಟ್ಟು ಒತ್ತಿದರು.

ನಾಲ್ಕು ತಿಂಗಳಿಗೆ ಪಾಸ್‌ಪೋರ್ಟು ಬಂತು. ಹೊರಡುವ ದಿನ ಒಂದು ಸೀಸೆಯಲ್ಲಿ ತುಪ್ಪ ತುಂಬಿ ಬಿಗಿಯಾಗಿ ಬಟ್ಟೆ ಸುತ್ತಿ ಕೊಟ್ಟೆ.

“ಹಾಲು ಅಲ್ಲೇ ತಗಳಿ. ಮೊದ್ಲು ನಿಮ್ ಪಾಲು ಬಿಡಿ. ಆಮ್ಯಾಕೆ ನಂದು. ಎಲ್ಡೂ ಕಲಸಬ್ಯಾಡಿ.”

“ನಂಗೆ ಏಳಿಕೊಡ್ತೀಯ?” ಎಂದರು. ಆಮೇಲೆ ನನ್ನ ತಲೆ ಸವರಿದರು. ಹೋದರು.

ಎರಡು ತಿಂಗಳಿಗೆ ಕಾಗದ ಬಂತು. ಅತ್ತೆ ಹೇಳಿದ್ದನ್ನು ವತ್ಸಲಮ್ಮ ಹಾಗೇ ಬರೆದಿದ್ದರು.

“ನಮ್ಮೂರ ಆಂಜಿನಪ್ಪ ಜಾಗ ತೋರಿಸ್ದ. ಒಂದು ಗಿಡ ಇಲ್ಲ, ನೆಳ್ಳಿಲ್ಲ. ಕಲ್ಲಿನ ಮೇಲೆ ನಂಬರು ಬರೆದವ್ರೆ. ನನ್ ಪಾಲು ಬಿಟ್ಟೆ. ನಿಂದು ಬಿಡ್ಲಿಲ್ಲ. ಹೆಂಡ್ತಿ ಬಿಡಾದನ್ನ ಹೆಂಡ್ತೀನೇ ಬಂದು ಬಿಡಬೇಕು. ಪಕ್ಕದ ಮನೇರಿಗೆ ಅಡುಗೆಯೋಳು ಬೇಕಂತೆ, ಮಾತಾಡ್ತಾ ಇವ್ನಿ. ಅಲ್ಲೀಗಂಟ ಅವನು ಕಾಯ್ತಾನೆ.”

ಮೂರು ಸಲ ಓದಿದೆ. (ನಾನು ಅಕ್ಷರ ಕೂಡಿಸಿಕೊಂಡು ಓದುವವಳು. ಮಧ್ಯಾಹ್ನ ಪೂರ್ತಿ ಹಿಡಿಯಿತು.) ಅಷ್ಟು ದೂರ ಹೋಗಿ, ಅವರ ಪಕ್ಕದಲ್ಲೇ ನಿಂತು, ನನ್ನ ಪಾಲಿನ ಒಂದು ಕೆಲಸ ಮಾಡಲಿಲ್ಲ ಮುದುಕಿ! ಸಿಟ್ಟು ನೆತ್ತಿಗೇರಿತು. ಸೆರಗು ಸಿಕ್ಕಿಸಿಕೊಂಡು, “ಏನತ್ತೆ ನೀವು” ಎಂದು ಜೋರಾಗಿ ಶುರು ಮಾಡಿಯೂ ಬಿಟ್ಟೆ.

ಮನೆಯಲ್ಲಿ ಯಾರೂ ಇರಲಿಲ್ಲ.